ಒತ್ತಿದರೂ ಆನ್ ಆಗದ ಫೈರ್‌ವಾಲ್: ಬಿಎಫ್‌ಇ ತನಕ ಇಳಿದು ನೋಡಿದ ಒಂದು ರಿಪೇರಿ

ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್, ಡಿಟಿಪಿ ಅಂಗಡಿಯ ಕಂಪ್ಯೂಟರ್. ವಿಂಡೋಸ್ 10, 22ಎಚ್2. ದುಡ್ಡು ಕೊಟ್ಟು ತಗೊಂಡ ಸೆಕ್ಯುರಿಟಿ ಸಾಫ್ಟ್‌ವೇರ್ ಇದೆ, ಲೈಸೆನ್ಸ್ ಮುಗಿದಿಲ್ಲ, ಅಪ್‌ಡೇಟ್ ಬರುತ್ತಿದೆ, ವೈರಸ್ ಸ್ಕ್ಯಾನ್ ಸರಿಯಾಗಿ ಓಡುತ್ತದೆ. ನೆಟ್‌ವರ್ಕಿನಿಂದ ಬೇಡದ್ದು ಒಳಗೆ ಬಾರದಂತೆ ಕಾಯುವ ಫೈರ್‌ವಾಲ್ ಒಂದೇ ಆನ್ ಆಗುವುದಿಲ್ಲ. ಅಂಗಡಿಯವರ ಮಾತಲ್ಲೇ ಹೇಳುವುದಾದರೆ, “ಒತ್ತಿದ್ರೆ ಹಸಿರಾಗುತ್ತೆ ಸಾರ್, ನೋಡ್ತಾ ನೋಡ್ತಾನೇ ಮತ್ತೆ ಕೆಂಪಾಗುತ್ತೆ.”

ನನಗಿಂತ ಮುಂಚೆ ಬಂದವರು ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿ ಹೋಗಿದ್ದರು. ಅದರೊಳಗಿನ ‘ರಿಪೇರ್’ ಬಟನ್ ಕೂಡ ಒತ್ತಿಯಾಗಿತ್ತು. ಅದು ರೀಸ್ಟಾರ್ಟ್ ಮಾಡಿ ಅನ್ನುತ್ತದೆ, ಮಾಡಿದರೆ ಮತ್ತೆ ಅದೇ ಕೆಂಪು. ಯಾಕೆ ಆಗುತ್ತಿಲ್ಲ ಅಂತ ಆ ಕಿಟಕಿ ಒಂದು ಸಾಲೂ ಹೇಳುವುದಿಲ್ಲ. ದುಡ್ಡು ತಗೊಂಡ ಸಾಫ್ಟ್‌ವೇರ್ ಕನಿಷ್ಠ ಒಂದು ಎರರ್ ನಂಬರ್ ಆದರೂ ತೋರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ನಂಬರ್ ಸಿಕ್ಕಿದ್ದರೆ ಇವರು ಇಷ್ಟು ದಿನ ಹೀಗೆ ಒದ್ದಾಡಬೇಕಿರಲಿಲ್ಲ.

ಈ ಅಂಗಡಿಗೆ ಫೈರ್‌ವಾಲ್ ಯಾಕೆ ಬೇಕೇ ಬೇಕು ಅಂತಲೂ ಹೇಳಿಬಿಡುತ್ತೇನೆ. ‘ಸ್ಕ್ಯಾನ್’ ಅನ್ನುವ ಫೋಲ್ಡರ್ ಇದೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮಾಡಿಸಲು ಬಂದವರ ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲವೂ ಅದರಲ್ಲೇ. ಪಕ್ಕದ ಎರಡನೇ ಕಂಪ್ಯೂಟರಿನಿಂದಲೂ ತೆಗೆಯಲು ಆಗಲಿ ಅಂತ ಅದನ್ನು ಪಾಸ್‌ವರ್ಡ್ ಇಲ್ಲದೆ ಶೇರ್ ಮಾಡಿದ್ದಾರೆ. ಡೇಟಾ ಖಾಲಿಯಾದ ಗಿರಾಕಿ ವಾಟ್ಸ್ಯಾಪ್‌ನಲ್ಲಿ ಫೈಲ್ ಕಳಿಸಬೇಕಾದರೆ ಅಂಗಡಿಯ ವೈಫೈ ಪಾಸ್‌ವರ್ಡನ್ನೇ ಕೊಡುತ್ತಾರೆ. ಅಂದರೆ ಕೌಂಟರಿನ ಮುಂದೆ ನಿಂತ ಯಾವ ಮೊಬೈಲಿನಿಂದ ಬೇಕಾದರೂ ಆ ಫೋಲ್ಡರ್ ತೆರೆಯಬಹುದು. ನನ್ನ ಮೊಬೈಲಿನ ಫೈಲ್ ಮ್ಯಾನೇಜರಿನಲ್ಲಿ ಆ ಕಂಪ್ಯೂಟರಿನ ಐಪಿ ಹಾಕಿ ನೋಡಿದೆ, ತೆರೆದೇಬಿಟ್ಟಿತು. ಹೀಗೆ ಫೋಲ್ಡರ್ ಶೇರ್ ಆಗುವುದು 445ನೇ ಪೋರ್ಟಿನಲ್ಲಿ, ಪೋರ್ಟ್ ಅಂದರೆ ನೆಟ್‌ವರ್ಕಿನ ಒಂದು ಬಾಗಿಲು. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಬ್ಬಿದ್ದೂ ಇದರ ಮೂಲಕವೇ. ಅದರ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಊರ ಅರ್ಧ ಜನರ ದಾಖಲೆ ಇರುವ ಜಾಗದಲ್ಲಿ ಆ ಪೋರ್ಟ್ ಹೀಗೆ ಬಾಗಿಲು ತೆರೆದು ಕೂರಬಾರದು.

ಕೆಲಸ ಶುರು ಮಾಡಿದ್ದು ಸೆಕ್ಯುರಿಟಿ ಸಾಫ್ಟ್‌ವೇರಿನಿಂದ ಅಲ್ಲ, ವಿಂಡೋಸ್‌ನ ಸ್ವಂತ ಫೈರ್‌ವಾಲ್‌ನಿಂದ. ಹೊರಗಿನ ಕಂಪನಿಯದು ಆನ್ ಆಗದಿದ್ದಾಗ ಮನೆಯದು ಆನ್ ಆಗುತ್ತದೆಯೇ ಅಂತ ಮೊದಲು ನೋಡಬೇಕು. ಅದು ಆದರೆ ತೊಂದರೆ ಕಂಪನಿಯ ಸಾಫ್ಟ್‌ವೇರಿನಲ್ಲಿ. ಅದೂ ಆಗದಿದ್ದರೆ ತೊಂದರೆ ಇಬ್ಬರಿಗೂ ಕೆಳಗೆ ಎಲ್ಲೋ ಇದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿಫೆಂಡರ್ ಫೈರ್‌ವಾಲ್ ತೆರೆದು ‘ಶಿಫಾರಸು ಮಾಡಿದ ಸೆಟ್ಟಿಂಗ್ ಬಳಸಿ’ ಅನ್ನುವ ಬಟನ್ ಒತ್ತಿದೆ. ಕೆಲವು ಸೆಟ್ಟಿಂಗ್ ಬದಲಿಸಲು ಆಗಲಿಲ್ಲ, ಎರರ್ ಕೋಡ್ 0ಎಕ್ಸ್8007042ಸಿ ಅಂತ ಬಂತು.

ಈ ನಂಬರ್ ಹಿಡಿದುಕೊಂಡೇ ಅರ್ಧ ದಾರಿ ಹೋಗಬಹುದು. ಮುಂದಿನ 8007 ಅಂದರೆ ಇದು ವಿಂಡೋಸ್‌ನ ಸಾಮಾನ್ಯ ಎರರ್ ಪಟ್ಟಿಗೆ ಸೇರಿದ್ದು ಅಂತ ಅರ್ಥ. ಕೊನೆಯ ನಾಲ್ಕು, ಅಂದರೆ 042ಸಿ, ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿದೆ. ಕ್ಯಾಲ್ಕ್ಯುಲೇಟರನ್ನು ಪ್ರೋಗ್ರಾಮರ್ ಮೋಡ್‌ಗೆ ಹಾಕಿ ಡೆಸಿಮಲ್ ಮಾಡಿದರೆ 1068. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಹೆಲ್ಪ್‌ಎಂಎಸ್‌ಜಿ 1068’ ಅಂತ ಕೊಟ್ಟರೆ ವಿಂಡೋಸ್ ತಾನೇ ಅರ್ಥ ಹೇಳುತ್ತದೆ: ಈ ಸರ್ವೀಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಯಾವುದನ್ನು ನೆಚ್ಚಿಕೊಂಡಿದೆಯೋ ಆ ಸರ್ವೀಸ್ ಶುರುವಾಗಲಿಲ್ಲ. 0422 ಬಂದಿದ್ದರೆ ಅದು 1058, ಯಾರೋ ಸರ್ವೀಸನ್ನು ಡಿಸೇಬಲ್ ಮಾಡಿದ್ದಾರೆ ಅಂತ. 0424 ಅಂದರೆ 1060, ಸರ್ವೀಸೇ ಇಲ್ಲ. 2012ರ ಆಸುಪಾಸಿನಲ್ಲಿ ಝೀರೋಆಕ್ಸೆಸ್ ಅನ್ನುವ ರೂಟ್‌ಕಿಟ್ (ಒಳಗೆ ಅಡಗಿ ಕೂರುವ ವೈರಸ್) ಹೊಕ್ಕ ಮೆಷಿನ್‌ಗಳಲ್ಲಿ ಈ 1060 ಬರುತ್ತಿತ್ತು. ಅದು ಫೈರ್‌ವಾಲ್ ಸರ್ವೀಸುಗಳನ್ನೇ ರಿಜಿಸ್ಟ್ರಿಯಿಂದ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗದಿಂದ, ಕಿತ್ತುಹಾಕುತ್ತಿತ್ತು. ನಮ್ಮದು 1068. ಫೈರ್‌ವಾಲ್ ಇದೆ, ಡಿಸೇಬಲ್ ಆಗಿಲ್ಲ, ಆದರೆ ಅದರ ಕಾಲ ಕೆಳಗಿನದು ಏಳುತ್ತಿಲ್ಲ.

ಕೆಳಗೆ ಏನಿದೆ ಅಂತ ತಿಳಿಯಲು ‘ಎಸ್‌ಸಿ ಕ್ಯೂಸಿ ಎಂಪಿಎಸ್‌ಎಸ್‌ವಿಸಿ’ ಕಮಾಂಡ್. ಎಂಪಿಎಸ್‌ಎಸ್‌ವಿಸಿ ಅನ್ನುವುದು ವಿಂಡೋಸ್ ಫೈರ್‌ವಾಲ್ ಸರ್ವೀಸಿನ ಒಳಹೆಸರು. ಉತ್ತರದ ಕೊನೆಯಲ್ಲಿ ಡಿಪೆಂಡೆನ್ಸಿಗಳು ಬರುತ್ತವೆ: ಎಂಪಿಎಸ್‌ಡಿಆರ್‌ವಿ ಅನ್ನುವ ಡ್ರೈವರ್, ಮತ್ತು ಬಿಎಫ್‌ಇ, ಅಂದರೆ ಬೇಸ್ ಫಿಲ್ಟರಿಂಗ್ ಎಂಜಿನ್. ಡ್ರೈವರ್ ಕೇಳಿದ ತಕ್ಷಣ ಶುರುವಾಯಿತು. ‘ನೆಟ್ ಸ್ಟಾರ್ಟ್ ಬಿಎಫ್‌ಇ’ ಅಂದರೆ ಮಾತ್ರ: ಸಿಸ್ಟಂ ಎರರ್ 5, ಆಕ್ಸೆಸ್ ಈಸ್ ಡಿನೈಡ್.

ಈವೆಂಟ್ ವ್ಯೂವರಿನ ಸಿಸ್ಟಂ ಲಾಗ್ ಕೂಡ ಇದನ್ನೇ ಹೇಳಿತು. 7023ನೇ ನಂಬರಿನ ಈವೆಂಟ್: ಬಿಎಫ್‌ಇ ಆಕ್ಸೆಸ್ ಡಿನೈಡ್ ಆಗಿ ನಿಂತಿತು. ಅದರ ಹಿಂದೆಯೇ 7001ಗಳ ಸಾಲು: ಬಿಎಫ್‌ಇ ಏಳದ ಕಾರಣ ಐಕೆಇ ಅನ್ನುವ ಇನ್ನೊಂದು ಸರ್ವೀಸ್ ಏಳಲಿಲ್ಲ, ಬಿಎಫ್‌ಇ ಏಳದ ಕಾರಣ ಫೈರ್‌ವಾಲ್ ಏಳಲಿಲ್ಲ. ಪ್ರತಿ ಸಲ ಮೆಷಿನ್ ಆನ್ ಮಾಡಿದಾಗಲೂ ಇದೇ ಸಾಲು. ಕಾರಣ ಅಷ್ಟು ದಿನದಿಂದಲೂ ಅಲ್ಲೇ ಬರೆದಿತ್ತು.

ಹೊರಗಿನ ಕಂಪನಿಯ ಫೈರ್‌ವಾಲಿಗೆ ವಿಂಡೋಸ್‌ನ ಬಿಎಫ್‌ಇ ಯಾಕೆ ಬೇಕು ಅಂತ ಅಂಗಡಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಎಕ್ಸ್‌ಪಿ ಕಾಲದಲ್ಲಿ ಒಬ್ಬೊಬ್ಬ ಸೆಕ್ಯುರಿಟಿ ಕಂಪನಿ ಒಂದೊಂದು ರೀತಿಯಲ್ಲಿ ನೆಟ್‌ವರ್ಕ್ ಡ್ರೈವರುಗಳ ನಡುವೆ ಕೈ ಹಾಕುತ್ತಿತ್ತು. ಇಬ್ಬರು ಕೈ ಹಾಕಿದರೆ ಮೆಷಿನ್ ನೀಲಿ ತೆರೆ ತೋರಿಸಿ ನಿಲ್ಲುತ್ತಿತ್ತು. ವಿಸ್ತಾದಿಂದ ಮುಂದೆ ವಿಂಡೋಸ್ ಫಿಲ್ಟರಿಂಗ್ ಪ್ಲಾಟ್‌ಫಾರ್ಮ್ ಬಂತು. ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ನಿಯಮಗಳನ್ನು ಎಲ್ಲರೂ ಒಂದೇ ಕಡೆ ಕೊಡುವ ವ್ಯವಸ್ಥೆ ಅದು. ಆ ನಿಯಮಗಳ ಲೆಕ್ಕ ಇಟ್ಟುಕೊಂಡು ವಿಂಡೋಸ್‌ನ ತಿರುಳಾದ ಕರ್ನೆಲ್‌ಗೆ ಮುಟ್ಟಿಸುವ ಶಾನುಭೋಗ ಈ ಬಿಎಫ್‌ಇ. ಶಾನುಭೋಗರು ಬಾರದಿದ್ದರೆ ಯಾರ ಅರ್ಜಿಯೂ ಖಾತೆ ಆಗುವುದಿಲ್ಲ. ವಿಂಡೋಸ್‌ನದೂ ಇಲ್ಲ, ಕಂಪನಿಯದೂ ಇಲ್ಲ. ಹಾಗಾಗಿ ಸೆಕ್ಯುರಿಟಿ ಸಾಫ್ಟ್‌ವೇರನ್ನು ಎಷ್ಟು ಸಲ ತೆಗೆದು ಹಾಕಿದರೂ ಇಲ್ಲಿ ಏನೂ ಆಗುತ್ತಿರಲಿಲ್ಲ.

ಎರರ್ 5 ಅಂದಮೇಲೆ ಪರ್ಮಿಷನ್ ವಿಷಯ. ಆದರೆ ಯಾವುದರ ಪರ್ಮಿಷನ್? ಇಲ್ಲಿ ಊಹೆ ಮಾಡಬಾರದು. ಯಾವ ಪ್ರೋಗ್ರಾಂ ಏನನ್ನು ತೆರೆಯಲು ಹೋಗುತ್ತಿದೆ ಅಂತ ತೋರಿಸುವ, ಸಿಸ್‌ಇಂಟರ್ನಲ್ಸ್‌ನ ಪ್ರೋಸೆಸ್ ಮಾನಿಟರ್ ತೆರೆದು ಎರಡು ಫಿಲ್ಟರ್ ಹಾಕಿದೆ: ರಿಸಲ್ಟ್ ಆಕ್ಸೆಸ್ ಡಿನೈಡ್ ಆಗಿರಬೇಕು, ಪಾತ್‌ನಲ್ಲಿ ಬಿಎಫ್‌ಇ ಇರಬೇಕು. ಎರಡನೆಯ ಫಿಲ್ಟರ್ ಮರೆಯಬೇಡಿ. ಚೆನ್ನಾಗಿರುವ ಮೆಷಿನ್‌ನಲ್ಲೂ ಆಕ್ಸೆಸ್ ಡಿನೈಡ್ ಸಾಲುಗಳು ಬೇಕಾದಷ್ಟು ಬರುತ್ತಿರುತ್ತವೆ, ಅವೆಲ್ಲ ಕಾಯಿಲೆಯ ಲಕ್ಷಣ ಅಲ್ಲ. ಆಮೇಲೆ ಇನ್ನೊಂದು ಕಿಟಕಿಯಿಂದ ‘ನೆಟ್ ಸ್ಟಾರ್ಟ್ ಬಿಎಫ್‌ಇ’. ಸರ್ವೀಸುಗಳನ್ನು ಓಡಿಸುವ ಎಸ್‌ವಿಸಿಹೋಸ್ಟ್‌ನ ಹೆಸರಲ್ಲಿ ಸಾಲು ಬಿತ್ತು. ಅದು ತೆರೆಯಲು ಹೋಗಿ ಬಾಗಿಲು ಹಾಕಿಸಿಕೊಂಡ ರಿಜಿಸ್ಟ್ರಿ ಕೀ: ಎಚ್‌ಕೆಎಲ್‌ಎಂ, ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಸರ್ವೀಸಸ್, ಬಿಎಫ್‌ಇ, ಪ್ಯಾರಾಮೀಟರ್ಸ್, ಅದರೊಳಗೆ ಪಾಲಿಸಿ.

ರೀಬೂಟ್ ಆದರೂ ಉಳಿಯಬೇಕಾದ ಫಿಲ್ಟರುಗಳು ಇರುವ ಜಾಗ ಅದು. ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್‌ನಲ್ಲಿ ಪಾಲಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಪರ್ಮಿಷನ್ಸ್ ತೆರೆದೆ. ಇದ್ದದ್ದು ಎರಡೇ ಹೆಸರು: ಅಡ್ಮಿನಿಸ್ಟ್ರೇಟರ್ಸ್, ಸಿಸ್ಟಂ. ನನ್ನ ಲ್ಯಾಪ್‌ಟಾಪಿನಲ್ಲೂ ಅದೇ 22ಎಚ್2 ಇದೆ. ಪಕ್ಕದಲ್ಲಿಟ್ಟು ಅದೇ ಕೀ ತೆರೆದರೆ ಅಲ್ಲಿ ‘ಬಿಎಫ್‌ಇ’ ಅಂತಲೇ ಇನ್ನೊಂದು ಹೆಸರು ಇತ್ತು. ಇಲ್ಲಿ ಆ ಹೆಸರು ಮಾಯ.

ಅಡ್ಮಿನ್‌ಗೂ ಸಿಸ್ಟಂಗೂ ಪೂರ್ತಿ ಅಧಿಕಾರ ಇದ್ದಮೇಲೆ ಏನು ತೊಂದರೆ ಅನ್ನಿಸಬಹುದು. ಬಿಎಫ್‌ಇ ಓಡುವುದು ಸಿಸ್ಟಂ ಅಕೌಂಟಿನಲ್ಲಿ ಅಲ್ಲ, ಲೋಕಲ್ ಸರ್ವೀಸ್ ಅನ್ನುವ ಕಡಿಮೆ ಅಧಿಕಾರದ ಅಕೌಂಟಿನಲ್ಲಿ. ಬೇಕೆಂದೇ ಹಾಗೆ ಇಟ್ಟಿದ್ದಾರೆ: ನಾಳೆ ಯಾರಾದರೂ ಆ ಸರ್ವೀಸನ್ನು ಒಡೆದರೂ ಇಡೀ ಮೆಷಿನ್ ಅವರ ಕೈಗೆ ಹೋಗಬಾರದು. ಅದಕ್ಕಾಗಿಯೇ ವಿಸ್ತಾದಿಂದ ಸರ್ವೀಸುಗಳಿಗೆ ಅವುಗಳದ್ದೇ ಗುರುತು ಕೊಡುವ ಪದ್ಧತಿ ಬಂತು. ‘ಎಸ್‌ಸಿ ಶೋಎಸ್‌ಐಡಿ ಬಿಎಫ್‌ಇ’ ಅಂತ ಕೊಟ್ಟರೆ ಎಸ್-1-5-80 ಅಂತ ಶುರುವಾಗುವ ಉದ್ದದ ನಂಬರ್ ಕಾಣುತ್ತದೆ. ಪಾಲಿಸಿ ಕೀಯಲ್ಲಿ ಆ ಗುರುತಿಗೆ ಮಾತ್ರ ಬೇಕಾದಷ್ಟು ಅಧಿಕಾರ ಇರಬೇಕು. ಆ ಒಂದು ಸಾಲು ಹೋಗಿದ್ದಕ್ಕೆ ಇಷ್ಟೆಲ್ಲ.

ಸಾಲು ತಾನಾಗಿ ಹೋಗುವುದಿಲ್ಲ. ಸರಿಮಾಡುವ ಮುಂಚೆ ಯಾರು ತೆಗೆದರು ಅಂತ ಗೊತ್ತಾಗಬೇಕು, ಇಲ್ಲದಿದ್ದರೆ ನಾಳೆ ಮತ್ತೆ ತೆಗೆಯುತ್ತಾರೆ. ಡೌನ್‌ಲೋಡ್ಸ್ ಫೋಲ್ಡರನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ. ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುವ ಒಂದು ದುಬಾರಿ ಸಾಫ್ಟ್‌ವೇರಿನ ಕ್ರ್ಯಾಕ್ ಜಿಪ್ ಅಲ್ಲಿತ್ತು. ಒಳಗೆ ಒಂದು ಬ್ಯಾಚ್ ಫೈಲ್, ಒಂದು ಟೆಕ್ಸ್ಟ್ ಫೈಲ್. ಬ್ಯಾಚ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ರೆಜಿನಿ ಅನ್ನುವ ಕಮಾಂಡ್. ವಿಂಡೋಸ್‌ನದ್ದೇ ಹಳೆಯ ಸಾಧನ ಅದು. ಟೆಕ್ಸ್ಟ್ ಫೈಲಿನಲ್ಲಿ ಕೀಯ ಹೆಸರು ಬರೆದು ಚೌಕ ಕಂಸದಲ್ಲಿ ನಂಬರ್ ಕೊಟ್ಟರೆ ಆ ಕೀಯ ಪರ್ಮಿಷನ್ನುಗಳನ್ನೆಲ್ಲ ಅಳಿಸಿ ಹೊಸದು ಬರೆಯುತ್ತದೆ. ಇಲ್ಲಿ ಇದ್ದದ್ದು [1 17]. 1 ಅಂದರೆ ಅಡ್ಮಿನ್‌ಗೆ ಪೂರ್ತಿ, 17 ಅಂದರೆ ಸಿಸ್ಟಂಗೆ ಪೂರ್ತಿ, ಬೇರೆಯವರಿಗೆ ಏನೂ ಇಲ್ಲ. ಕೀಗಳ ಪಟ್ಟಿಯಲ್ಲಿ ಬಿಎಫ್‌ಇಯ ಪಾಲಿಸಿ, ಅದರ ಕೆಳಗೆ ಶೇರ್ಡ್‌ಆಕ್ಸೆಸ್ ಅಂತ ಇನ್ನೊಂದು. ಕ್ರ್ಯಾಕನ್ನು ಫೈರ್‌ವಾಲ್ ಹಿಡಿಯಬಾರದು ಅಂತ ಫೈರ್‌ವಾಲಿನ ಬುಡಕ್ಕೇ ಬೀಗ ಹಾಕಿದ್ದರು.

ಅಂಗಡಿಯ ಹುಡುಗ ನಿಂತು ನೋಡುತ್ತಿದ್ದ. “ಫೈರ್‌ವಾಲ್ ಆಫ್ ಮಾಡಿ, ಇದನ್ನ ಅಡ್ಮಿನ್ ಆಗಿ ರನ್ ಮಾಡಿ ಅಂತ ಬರ್ದಿತ್ತು ಅಣ್ಣ,” ಅಂದ. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಲಗ್ನದ ಸೀಸನ್ನಿನಲ್ಲಿ ಡಿಸೈನ್ ಕೆಲಸ ತಪ್ಪಿದರೆ ಅಂಗಡಿ ಬಾಡಿಗೆ ಹುಟ್ಟುವುದಿಲ್ಲ, ಆ ಸಾಫ್ಟ್‌ವೇರಿನ ವರ್ಷದ ಚಂದಾ ಇವರಿಗೆ ಎಟಕುವುದಿಲ್ಲ. ಆದರೆ ಫೈರ್‌ವಾಲ್ ಆಫ್ ಮಾಡಿ ಅಡ್ಮಿನ್ ಆಗಿ ಓಡಿಸು ಅಂತ ಹೇಳುವ ಫೈಲಿಗೆ ನಾವು ಕೊಡುತ್ತಿರುವುದು ಗಿರಾಕಿಗಳ ಆಧಾರ್ ಅಂತ ಅವನಿಗೆ ಆ ಸ್ಕ್ಯಾನ್ ಫೋಲ್ಡರ್ ತೋರಿಸಿಯೇ ಹೇಳಿದೆ.

ಅಲ್ಲಿಂದ ಮುಂದೆ ಅನುಕ್ರಮ ಮುಖ್ಯ. ಮೊದಲು ನೆಟ್ ಕೇಬಲ್ ಕಿತ್ತು, ಬೂಟ್ ಆಗುವ ರೆಸ್ಕ್ಯೂ ಪೆನ್‌ಡ್ರೈವಿನಿಂದ ಇಡೀ ಡಿಸ್ಕ್ ಸ್ಕ್ಯಾನ್. ಕ್ರ್ಯಾಕಿನ ಫೈಲುಗಳು ಸಿಕ್ಕಿಬಿದ್ದವು, ಬೇರೆ ಏನೂ ಸಿಗಲಿಲ್ಲ. ಯಾವ ವೆಬ್‌ಸೈಟಿನ ಹೆಸರು ಯಾವ ಐಪಿಗೆ ಅಂತ ಬರೆದಿಡುವ ಹೋಸ್ಟ್ಸ್ ಫೈಲ್ ನೋಡಿದೆ, ಅದರಲ್ಲಿ ಸೇರಿಸಿದ್ದ ಸಾಲುಗಳನ್ನು ತೆಗೆದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಟಾಸ್ಕ್ ಸಿಕ್ಕಿತು: ಪ್ರತಿ ಲಾಗಿನ್‌ಗೂ ಅದೇ ಬ್ಯಾಚ್ ಫೈಲ್ ಓಡಿಸುವುದು. ಇದನ್ನು ಬಿಟ್ಟು ಪರ್ಮಿಷನ್ ಮಾತ್ರ ಸರಿಮಾಡಿದ್ದರೆ ಮರುದಿನ ಬೆಳಿಗ್ಗೆ ಮತ್ತೆ ಕೆಂಪು. ಟಾಸ್ಕ್ ತೆಗೆದು, ಡಿಸೈನ್ ಸಾಫ್ಟ್‌ವೇರನ್ನೂ ಅವರ ಒಪ್ಪಿಗೆ ಕೇಳಿ ತೆಗೆದೆ. ವಿಂಡೋಸ್‌ನ ಫೈಲುಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದ್ದಕ್ಕೆ ಸಿಸ್ಟಂ ಫೈಲುಗಳು ಸರಿಯಾಗಿವೆ ಅಂತ ಬಂತು. ಈ ಪರ್ಮಿಷನ್ ಸಾಲು ಹೋದದ್ದು ಅದಕ್ಕೆ ಕಾಣಲಿಲ್ಲ.

ಬ್ಯಾಕಪ್ ಬಗ್ಗೆ ಒಂದು ಮಾತು. ರೆಜ್‌ಎಡಿಟ್‌ನ ಎಕ್ಸ್‌ಪೋರ್ಟ್‌ನಲ್ಲಿ ಕೀಗಳೂ ಅವುಗಳ ಬೆಲೆಗಳೂ ಉಳಿಯುತ್ತವೆ, ಪರ್ಮಿಷನ್ ಉಳಿಯುವುದಿಲ್ಲ. ನೆಟ್‌ನಿಂದ ‘ಬಿಎಫ್‌ಇ ರಿಪೇರಿ’ ಫೈಲ್ ಇಳಿಸಿ ಡಬಲ್ ಕ್ಲಿಕ್ ಮಾಡುವವರಿಗೆ ಇಂಥ ಕೇಸಿನಲ್ಲಿ ಪ್ರಯೋಜನವಾಗದಿರುವುದು ಅದಕ್ಕೇ. ಪರ್ಮಿಷನ್ ಸಮೇತ ಬೇಕಾದರೆ ‘ರೆಜ್ ಸೇವ್’ ಕಮಾಂಡಿನಿಂದ ಹೈವ್ ಆಗಿ, ಅಂದರೆ ರಿಜಿಸ್ಟ್ರಿಯ ಮೂಲ ರೂಪದ ಫೈಲಾಗಿ ಉಳಿಸಬೇಕು. ಬಿಎಫ್‌ಇ, ಶೇರ್ಡ್‌ಆಕ್ಸೆಸ್ ಎರಡನ್ನೂ ಹಾಗೆ ಉಳಿಸಿ, ರೀಸ್ಟೋರ್ ಪಾಯಿಂಟ್ ಒಂದು ಮಾಡಿ, ಆಮೇಲೆ ಕೈ ಹಾಕಿದೆ.

ಪಾಲಿಸಿ ಕೀಯ ಪರ್ಮಿಷನ್ಸ್, ಅಡ್ವಾನ್ಸ್‌ಡ್, ಆಡ್. ಹೆಸರಿನ ಜಾಗದಲ್ಲಿ ‘ಎನ್‌ಟಿ ಸರ್ವೀಸ್’, ಹಿಂದಕ್ಕೆ ವಾಲಿದ ಗೆರೆ, ‘ಬಿಎಫ್‌ಇ’. ಲೊಕೇಶನ್ ಆ ಮೆಷಿನ್ನೇ ಆಗಿರಬೇಕು, ಇಲ್ಲದಿದ್ದರೆ ಹೆಸರು ಸಿಗುವುದಿಲ್ಲ. ಚೆಕ್ ನೇಮ್ಸ್ ಒತ್ತಿದಾಗ ಅದು ಅಡಿಗೆರೆ ಬಿದ್ದ ‘ಬಿಎಫ್‌ಇ’ ಆಗಿ ಬದಲಾದರೆ ಸರಿ. ಕೊಡಬೇಕಾದ್ದು ಬೆಲೆ ಓದುವುದು, ಬೆಲೆ ಬರೆಯುವುದು, ಉಪಕೀ ಮಾಡುವುದು, ಉಪಕೀಗಳನ್ನು ಎಣಿಸುವುದು, ನೋಟಿಫೈ, ರೀಡ್ ಕಂಟ್ರೋಲ್. ಈ ಆರು, ಕೆಳಗಿನ ಕೀಗಳಿಗೂ ಇಳಿಯುವಂತೆ. ನನ್ನ ಲ್ಯಾಪ್‌ಟಾಪಿನ ತೆರೆ ಪಕ್ಕದಲ್ಲೇ ಇಟ್ಟುಕೊಂಡು ಒಂದೊಂದೇ ಟಿಕ್ ಹೊಂದಿಸಿದೆ.

ಇದೇ ತೊಂದರೆಗೆ ‘ಎವ್ರಿಒನ್’ ಸೇರಿಸಿ ‘ಫುಲ್ ಕಂಟ್ರೋಲ್’ ಕೊಡಿ ಅಂತ ಹೇಳುವ ವೀಡಿಯೋಗಳು ಬೇಕಾದಷ್ಟಿವೆ. ಕೊಟ್ಟರೆ ಬಿಎಫ್‌ಇ ಏಳುತ್ತದೆ, ಬಟನ್ ಹಸಿರಾಗುತ್ತದೆ, ನೋಡಿದವರು ಕೆಳಗೆ ಥ್ಯಾಂಕ್ಸ್ ಬರೆಯುತ್ತಾರೆ. ಆದರೆ ಆಮೇಲೆ ಆ ಮೆಷಿನ್‌ನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ, ಅಡ್ಮಿನ್ ಅಲ್ಲದೆಯೂ, ಫೈರ್‌ವಾಲಿನ ಬುಡದ ಫಿಲ್ಟರುಗಳನ್ನು ತಿದ್ದಬಹುದು, ಅಳಿಸಬಹುದು. ಅಂಥ ಹಸಿರು ಕೆಂಪಿಗಿಂತ ಕೆಟ್ಟದ್ದು, ಯಾಕೆಂದರೆ ಕೆಂಪು ಕಂಡರೆ ಯಾರಾದರೂ ಕೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬೇರೆಯವರ ಮೆಷಿನ್‌ನಲ್ಲಂತೂ ಮಾಡಲೇಬೇಡಿ.

‘ನೆಟ್ ಸ್ಟಾರ್ಟ್ ಬಿಎಫ್‌ಇ’. ಶುರುವಾಯಿತು. ‘ನೆಟ್ ಸ್ಟಾರ್ಟ್ ಎಂಪಿಎಸ್‌ಎಸ್‌ವಿಸಿ’. ಆಗಲಿಲ್ಲ. ಈ ಸಲ ಲಾಗಿನಲ್ಲಿ 7024, ಮತ್ತೆ ಆಕ್ಸೆಸ್ ಡಿನೈಡ್. ಟೆಕ್ಸ್ಟ್ ಫೈಲಿನಲ್ಲಿ ಶೇರ್ಡ್‌ಆಕ್ಸೆಸ್ ನೋಡಿದ್ದರಿಂದ ಇದು ನಿರೀಕ್ಷಿತವೇ. ವಿಂಡೋಸ್ ಫೈರ್‌ವಾಲಿನ ನಿಯಮಗಳು ಎಂಪಿಎಸ್‌ಎಸ್‌ವಿಸಿಯ ಕೀಯಲ್ಲಿ ಇರುವುದಿಲ್ಲ, ಶೇರ್ಡ್‌ಆಕ್ಸೆಸ್ ಒಳಗೆ ಪ್ಯಾರಾಮೀಟರ್ಸ್, ಅದರೊಳಗೆ ಫೈರ್‌ವಾಲ್‌ಪಾಲಿಸಿ ಅನ್ನುವಲ್ಲಿ ಇರುತ್ತವೆ. ಎಕ್ಸ್‌ಪಿಯಲ್ಲಿ ಫೈರ್‌ವಾಲೂ ಇಂಟರ್ನೆಟ್ ಶೇರಿಂಗೂ ಸೇರಿ ಶೇರ್ಡ್‌ಆಕ್ಸೆಸ್ ಅನ್ನುವ ಒಂದೇ ಸರ್ವೀಸ್ ಆಗಿದ್ದವು. ವಿಸ್ತಾದಲ್ಲಿ ಫೈರ್‌ವಾಲ್ ಬೇರೆ ಮನೆ ಮಾಡಿತು, ಸಾಮಾನು ಮಾತ್ರ ಹಳೆ ಮನೆಯಲ್ಲೇ ಉಳಿಯಿತು. ಅಲ್ಲಿ ‘ಎನ್‌ಟಿ ಸರ್ವೀಸ್’ನ ಎಂಪಿಎಸ್‌ಎಸ್‌ವಿಸಿ ಹೆಸರು ಸೇರಿಸಿ, ಎಪಾಕ್ ಮತ್ತು ಡಿಫಾಲ್ಟ್ಸ್ ಕೀಗಳನ್ನೂ ಲ್ಯಾಪ್‌ಟಾಪಿಗೆ ಹೋಲಿಸಿ ನೋಡಿದೆ, ಅವು ಸರಿಯಾಗಿದ್ದವು. ಸರ್ವೀಸ್ ಶುರುವಾಯಿತು. ಕೇಬಲ್ ಹಾಕಿ ರೀಸ್ಟಾರ್ಟ್. ಡೆಸ್ಕ್‌ಟಾಪ್ ಬಂದು ಸ್ವಲ್ಪ ಹೊತ್ತಿಗೆ ಕಂಪನಿಯ ಫೈರ್‌ವಾಲ್ ಯಾರೂ ಬಟನ್ ಮುಟ್ಟದೆ ಹಸಿರಾಗಿ, ಹಸಿರಾಗಿಯೇ ಉಳಿಯಿತು.

ಬಣ್ಣ ನೋಡಿ ಎದ್ದುಬರುವ ಹಾಗಿಲ್ಲ. ‘ನೆಟ್‌ಎಸ್‌ಎಚ್ ಆಡ್ವ್‌ಫೈರ್‌ವಾಲ್ ಶೋ ಗ್ಲೋಬಲ್’ ಕೊಟ್ಟರೆ ಕೊನೆಯಲ್ಲಿ ಕೆಟಗರಿಗಳ ಪಟ್ಟಿ ಬರುತ್ತದೆ. ಬೂಟ್ ಹೊತ್ತಿನ ನಿಯಮ ಯಾರದು, ಫೈರ್‌ವಾಲ್ ನಿಯಮ ಯಾರದು ಅಂತ ಹೆಸರು ಸಮೇತ ಇರುತ್ತದೆ. ಫೈರ್‌ವಾಲ್ ನಿಯಮದ ಎದುರು ಕಂಪನಿಯ ಹೆಸರು ಬಂದಿತ್ತು. ಅಂದರೆ ವಿಂಡೋಸ್ ಜವಾಬ್ದಾರಿ ಬಿಟ್ಟುಕೊಟ್ಟಿದೆ, ಇವರು ತಗೊಂಡಿದ್ದಾರೆ. ಈ ಸ್ಥಿತಿಯಲ್ಲಿ ಎಂಪಿಎಸ್‌ಎಸ್‌ವಿಸಿ ಓಡುತ್ತಲೇ ಇರುತ್ತದೆ, ಓಡುತ್ತಲೇ ಇರಬೇಕು. ಆ ಸರ್ವೀಸನ್ನು ನಿಲ್ಲಿಸಿದರೆ ಸ್ಟಾರ್ಟ್ ಮೆನು ಕೆಲಸ ಮಾಡದಿರಬಹುದು, ಸ್ಟೋರ್ ಆ್ಯಪ್‌ಗಳು ಅಪ್‌ಡೇಟ್ ಆಗದಿರಬಹುದು ಅಂತ ಮೈಕ್ರೋಸಾಫ್ಟ್ ತಾನೇ ಎಚ್ಚರಿಸಿದೆ.

ಆಮೇಲೆ ಮೊಬೈಲಿನಿಂದ ಸ್ಕ್ಯಾನ್ ಫೋಲ್ಡರ್ ತೆರೆಯಲು ಹೋದೆ. ತೆರೆಯಲಿಲ್ಲ. ನನ್ನ ಲ್ಯಾಪ್‌ಟಾಪಿನಿಂದ ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಕೊಟ್ಟು 445ನೇ ಪೋರ್ಟ್ ತಟ್ಟಿದೆ, ಫಾಲ್ಸ್ ಅಂತ ಬಂತು. ಅದೇ ಹೊತ್ತಿಗೆ ಎರಡನೇ ಕಂಪ್ಯೂಟರಿನಿಂದ ಪ್ರಿಂಟ್ ಹೋಗುತ್ತಿಲ್ಲ ಅಂತ ಕೂಗು ಬಂತು. ಬರಲೇಬೇಕಿತ್ತು, ಪ್ರಿಂಟರ್ ಶೇರ್ ಆಗಿರುವುದೂ ಅದೇ ಪೋರ್ಟಿನಲ್ಲಿ. ಇಂಥ ಹೊತ್ತಿನಲ್ಲೇ ಅಂಗಡಿಗಳಲ್ಲಿ ಫೈರ್‌ವಾಲ್ ಮತ್ತೆ ಆಫ್ ಆಗುವುದು, ಅದಕ್ಕೇ ಪ್ರಿಂಟ್ ಬರುವ ತನಕ ಎದ್ದು ಬರಬಾರದು. ರೂಟರಿನಲ್ಲಿ ಎರಡನೇ ಕಂಪ್ಯೂಟರಿಗೆ ಒಂದು ಐಪಿ ಕಾಯಂ ಮಾಡಿ, ಸೆಕ್ಯುರಿಟಿ ಸಾಫ್ಟ್‌ವೇರಿನ ನಿಯಮಗಳಲ್ಲಿ ಆ ಒಂದು ಐಪಿಗೆ ಮಾತ್ರ 445 ಬಿಟ್ಟೆ. ವಿಂಡೋಸ್ ಫೈರ್‌ವಾಲಿನಲ್ಲಿ ಈ ನಿಯಮ ಹಾಕಿದ್ದರೆ ಪ್ರಯೋಜನ ಇರುತ್ತಿರಲಿಲ್ಲ, ಈಗ ಕಾವಲು ಅದರದ್ದಲ್ಲ. ಟೆಸ್ಟ್ ಪೇಜ್ ಬಂತು, ಮೊಬೈಲಿಗೆ ಫೋಲ್ಡರ್ ಇನ್ನೂ ಮುಚ್ಚಿಯೇ ಇದೆ. ಶೇರ್‌ಗೆ ಪಾಸ್‌ವರ್ಡ್ ಹಾಕಿದೆ. ರೂಟರಿನಲ್ಲಿ ಗೆಸ್ಟ್ ವೈಫೈ ಇತ್ತು, ಯಾರೂ ಬಳಸಿರಲಿಲ್ಲ. ಅದನ್ನು ಆನ್ ಮಾಡಿ ಗಿರಾಕಿಗಳಿಗೆ ಅದರ ಪಾಸ್‌ವರ್ಡನ್ನೇ ಗೋಡೆಗೆ ಅಂಟಿಸಿ ಅಂದೆ.

ಡಿಸೈನ್ ಕೆಲಸಕ್ಕೆ ಸದ್ಯ ಇಂಕ್‌ಸ್ಕೇಪ್ ಹಾಕಿಕೊಟ್ಟಿದ್ದೇನೆ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ಬರುತ್ತದೆ, ಒತ್ತಕ್ಷರ ಒಡೆಯುವುದಿಲ್ಲ. ಹಳೆಯ ಲಗ್ನಪತ್ರಿಕೆಗಳು ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿರುವುದರಿಂದ ಅವುಗಳ ಅಕ್ಷರವನ್ನು ಪರಿವರ್ತಕದಲ್ಲಿ ಬದಲಿಸಿಕೊಳ್ಳಬೇಕು. ಹುಡುಗ ಆಗಲೇ ಒಂದೆರಡು ಮಾಡಿ ನೋಡಿದ್ದಾನೆ. ಬಾಕಿ ಇರುವುದು ವಿಂಡೋಸ್. 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಈ ಮೆಷಿನ್‌ನ ಏಳನೇ ತಲೆಮಾರಿನ ಐ3 ಪ್ರೊಸೆಸರ್ 11ರ ಪಟ್ಟಿಯಲ್ಲಿ ಇಲ್ಲ. ಬೋರ್ಡು, ಪ್ರೊಸೆಸರು ಬದಲಿಸಿದರೆ ಎಷ್ಟಾಗುತ್ತದೆ, ಅವರ ಹಳೆಯ ಪ್ರಿಂಟರಿಗೆ 11ರ ಡ್ರೈವರ್ ಸಿಗುತ್ತದೆಯೇ ಅಂತ ವಿಚಾರಿಸಿ ಹೇಳುತ್ತೇನೆ ಅಂದಿದ್ದೇನೆ.